ಅಪ್ಪನ ಮಾತ್ರೆ ಯಾಕೆ ನಿಂತಿತು

ಕಳೆದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಅಪ್ಪನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ತೆಗೆದಿದ್ದೇನೆ. ಪುಟ್ಟಿ ಅಂದರೆ ನಾನು. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಭಾವ ಅತ್ತೆಯ ಮಗ, ಹಾಗಾಗಿ ಭಾವ ಅಮ್ಮ ಅನ್ನುವುದು ಅತ್ತೆಗೆ, ಮಾವ ಅನ್ನುವುದು ಅಪ್ಪನಿಗೆ, ಸಣ್ಣ ಮಾವ ಅನ್ನುವುದು ಚಿಕ್ಕಪ್ಪನಿಗೆ.

ನಾನು: ಎಲ್ಲರೂ ಈ ಲೇಖನ ಓದಿ. ಕೊಲೆಸ್ಟ್ರಾಲ್ ಜಾಸ್ತಿ ಇರುವವರ ಜೊತೆ ಫ್ಯಾಮಿಲಿ ಡಾಕ್ಟರು ಹೇಗೆ ಮಾತಾಡಬೇಕು ಅಂತ ಇದೆ. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನುತ್ತಾರೆ. ಗದರುವುದಿಲ್ಲ, ಹೆದರಿಸುವುದಿಲ್ಲ. ರೋಗಿಯ ಮನಸ್ಸಿನಲ್ಲಿ ಏನಿದೆ ಅಂತ ಮೊದಲು ಕೇಳುತ್ತಾರೆ.

ಶಿವಮೊಗ್ಗ ಚಿಕ್ಕಪ್ಪ: ಓದಿದೆ. ನನಗೆ ಒಪ್ಪಿಗೆಯಾಗಲಿಲ್ಲ. ಹೊರಗೆ 60 ಜನ ಕಾಯುತ್ತಿರುತ್ತಾರೆ. ಒಬ್ಬೊಬ್ಬರನ್ನೂ ನಿಮಗೇನನ್ನಿಸುತ್ತದೆ ಅಂತ ಕೇಳುತ್ತಾ ಕೂರಲಿಕ್ಕಾಗುತ್ತದಾ? ಓದಿರುವುದು ಅವರು. ಅವರು ಹೇಳಬೇಕು, ನಾವು ಕೇಳಬೇಕು. ನಮ್ಮೂರಿನ ಹಳೇ ಡಾಕ್ಟರು ಒಂದು ಸಲ ಗದರಿದರೆ ಜನ ಬೀಡಿ ಬಿಡುತ್ತಿದ್ದರು.

ಅತ್ತೆ: ಬಿಡುತ್ತಿರಲಿಲ್ಲ ಕಣೋ. ಬಿಟ್ಟೆ ಅಂತ ಅವರ ಮುಂದೆ ಹೇಳುತ್ತಿದ್ದರು. ಅಪ್ಪಯ್ಯ ಕೊಟ್ಟಿಗೆ ಹಿಂದೆ ಹೋಗಿ ಸೇದುತ್ತಿದ್ದದ್ದು ಮರೆತೆಯಾ?

ನಾನು: ಚಿಕ್ಕಪ್ಪ, ನಾನು ಇದನ್ನು ಸುಮ್ನೆ ಹಾಕಿದ್ದಲ್ಲ. ಹೋದ ವಾರ ಅಪ್ಪನ ಕಪಾಟು ಒರೆಸುವಾಗ ಕೊಲೆಸ್ಟ್ರಾಲ್ ಮಾತ್ರೆಯ ಐದು ಸ್ಟ್ರಿಪ್ ಸಿಕ್ಕಿದವು. ಒಂದನ್ನೂ ಒಡೆದಿಲ್ಲ. ತಿಂಗಳ ಹಿಂದೆ ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ತುಪ್ಪ ಕಡಿಮೆ ಮಾಡಿದ್ದೀರಾ, ವಾಕ್ ಹೋಗುತ್ತೀರಾ, ಮಾತ್ರೆ ತಪ್ಪಿಸುತ್ತಿಲ್ಲ ತಾನೇ ಅಂತ ಮೂರು ಪ್ರಶ್ನೆ ಕೇಳಿದರು. ಅಪ್ಪ ಮೂರಕ್ಕೂ ತಲೆ ಅಲ್ಲಾಡಿಸಿದರು. ರಿಪೋರ್ಟಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 212 ಇತ್ತು. ಈ ಮಾತ್ರೆ ಸಾಲದು ಅಂದುಕೊಂಡು ಅವರು ಡೋಸ್ ಡಬಲ್ ಮಾಡಿ ಕಳಿಸಿದರು. ನುಂಗದೇ ಇರುವ ಮಾತ್ರೆಗೆ!

ಅಮ್ಮ: ಇದನ್ನೆಲ್ಲ ಗುಂಪಿಗೆ ಹಾಕಬೇಕಿತ್ತಾ ಪುಟ್ಟಿ

ಅಪ್ಪ: ಹಾಕಲಿ ಬಿಡು. ಸುಳ್ಳೇನಲ್ಲವಲ್ಲ.

ಚಿಕ್ಕಪ್ಪ: ಅಣ್ಣ ಸುಳ್ಳು ಹೇಳಿದರೆ ಅದು ಡಾಕ್ಟರ ತಪ್ಪಾ?

ನಾನು: ಯಾರ ತಪ್ಪು ಅಂತ ನಾನು ಲೆಕ್ಕ ಹಾಕುತ್ತಿಲ್ಲ. ಬೈಸಿಕೊಳ್ಳುವ ಭಯ ಇರುವ ಕಡೆ ಯಾರೂ ನಿಜ ಹೇಳುವುದಿಲ್ಲ. ನಿಜ ಗೊತ್ತಾಗದೆ ಔಷಧಿ ಕೊಡುವುದು ಹೇಗೆ?

ಲೀಡ್ಸ್ ಭಾವ: ಈಗಷ್ಟೇ ಎದ್ದೆ, ಎಲ್ಲ ಓದಿದೆ. ಇಲ್ಲಿ ನಾನು ಮಾಡುವುದೂ ಫ್ಯಾಮಿಲಿ ಡಾಕ್ಟರ ಕೆಲಸವೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಈ ವಿಧಾನ ಕೊಲೆಸ್ಟ್ರಾಲಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1983ರಲ್ಲಿ ಕುಡಿತದ ಸಮಸ್ಯೆ ಇರುವವರ ಬಗ್ಗೆ ಬರೆದದ್ದು ಮೊದಲು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಪುಸ್ತಕ ಮಾಡಿದರು. ಆಮೇಲೆ ಸಕ್ಕರೆ ಕಾಯಿಲೆ, ತೂಕ, ಕೊಲೆಸ್ಟ್ರಾಲ್ ಹೀಗೆ ಹರಡಿತು. ವಿಷಯ ಇಷ್ಟೇ. ಮಾಡಬೇಕು ಅನ್ನುವುದೂ ಬೇಡ ಅನ್ನುವುದೂ ಒಬ್ಬನ ಮನಸ್ಸಿನಲ್ಲೇ ಇರುತ್ತವೆ. ಡಾಕ್ಟರು 'ಮಾಡಲೇಬೇಕು' ಅಂತ ಹಿಡಿದು ಕೂತರೆ ರೋಗಿಗೆ ಉಳಿಯುವುದು 'ಬೇಡ' ಒಂದೇ. ಬಾಯಲ್ಲಿ ಹೇಳದಿದ್ದರೂ ಮನೆಗೆ ಹೋಗಿ ಅದನ್ನೇ ಮಾಡುತ್ತಾನೆ.

ಸಣ್ಣ ಮಾವ, ಸಮಯದ ವಿಷಯದಲ್ಲಿ ನೀವು ಹೇಳಿದ್ದು ಸರಿ. 2017ರಲ್ಲಿ 67 ದೇಶಗಳ ಮಾಹಿತಿ ಕೂಡಿಸಿದ ಒಂದು ಅಧ್ಯಯನ ಬಂತು. ಡಾಕ್ಟರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷ, ಭಾರತದಲ್ಲಿ ಎರಡು ನಿಮಿಷದ ಸ್ವಲ್ಪ ಮೇಲೆ. ನನಗೆ ಇಲ್ಲಿ 10 ನಿಮಿಷ ಸಿಗುತ್ತದೆ, ಅದೂ ಸಾಲುವುದಿಲ್ಲ. ಆದರೆ 'ಮಾತ್ರೆ ತಪ್ಪಿಸುತ್ತಿಲ್ಲ ತಾನೇ' ಅನ್ನುವುದಕ್ಕೂ 'ಮಾತ್ರೆ ಹೇಗೆ ನಡೆಯುತ್ತಿದೆ' ಅನ್ನುವುದಕ್ಕೂ ಹಿಡಿಯುವ ಹೊತ್ತು ಒಂದೇ.

ಚಿಕ್ಕಪ್ಪ: ಹಾಗಾದರೆ ತುಪ್ಪ ಬಿಡಿ ಅಂತ ಡಾಕ್ಟರು ಹೇಳಲೇಬಾರದಾ?

ಭಾವ: ಹೇಳಬೇಕು. ನಿಮಗೆ ಏನು ಗೊತ್ತಿದೆ ಅಂತ ಮೊದಲು ಕೇಳುವುದು. ಹೇಳಲಾ ಅಂತ ಕೇಳಿ ಆಮೇಲೆ ಹೇಳುವುದು. ಹೇಳಿದ ಮೇಲೆ ನಿಮಗೇನನ್ನಿಸಿತು ಅಂತ ಮತ್ತೆ ಕೇಳುವುದು.

ದೊಡ್ಡವರ ಮುಂದೆ ಕೇಳುತ್ತಿದ್ದೇನೆ, ಮಾವ. ಇಷ್ಟವಿಲ್ಲದಿದ್ದರೆ ಉತ್ತರ ಬೇಡ. ಆ ಮಾತ್ರೆ ನುಂಗುವುದು ನಿಮಗೆ ಎಷ್ಟು ಮುಖ್ಯ ಅನ್ನಿಸುತ್ತದೆ? 0 ಅಂದರೆ ಏನೇನೂ ಇಲ್ಲ, 10 ಅಂದರೆ ತುಂಬಾ.

ಅಪ್ಪ: 3

ಚಿಕ್ಕಪ್ಪ: ಮೂರೇ? 212 ಇಟ್ಟುಕೊಂಡು ಮೂರಾ ಅಣ್ಣ?

ಭಾವ: 0 ಯಾಕಲ್ಲ ಮಾವ?

ಇದಾದ ಮೇಲೆ ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಅಪ್ಪ ಅಂಗಳದ ಕಟ್ಟೆ ಮೇಲೆ ಕೂತು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ಅಪ್ಪ: 0 ಅಲ್ಲ. ಪುಟ್ಟಿ ಮಗಳು ಶಾಲೆಗೆ ಹೋಗುವುದನ್ನು ನೋಡಬೇಕು ಅಂತ ಆಸೆ ಇದೆ. ಮೂರಕ್ಕಿಂತ ಮೇಲೂ ಹೋಗುವುದಿಲ್ಲ. ಅಣ್ಣನಿಗೂ ಇದೇ ಮಾತ್ರೆ ಕೊಟ್ಟಿದ್ದರು. ಒಂದು ದಿನ ತಪ್ಪಿಸಲಿಲ್ಲ ಅವನು. ಹನ್ನೊಂದು ತಿಂಗಳಿಗೆ ಅಡಿಕೆ ಚಪ್ಪರದ ಕೆಳಗೆ ಕೂತಲ್ಲೇ ಹೋದ. 49 ವರ್ಷ. ಕಾಲು ನೋವು ಕಾಲು ನೋವು ಅನ್ನುತ್ತಿದ್ದ. ನಾನು ಶುರು ಮಾಡಿದ ಮೇಲೆ ನನಗೂ ಮೀನಖಂಡ ನೋಯಿತು. ತೋಟದ ದರೆ ಹತ್ತಲಿಕ್ಕೆ ಆಗಲಿಲ್ಲ. ಆ ಸ್ಟ್ರಿಪ್ ಮುಟ್ಟಿದರೆ ಅವನ ಮುಖ ಬರುತ್ತದೆ. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅತ್ತೆ: ನನ್ನ ಹತ್ತಿರವೂ ಹೇಳಲಿಲ್ಲವಲ್ಲೋ.

ಭಾವ: ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮಾವ. ದೊಡ್ಡ ಮಾವ ಹೋದದ್ದು ನೋಡಿದ ಮೇಲೆ ಆ ಮಾತ್ರೆ ಮೇಲೆ ನಂಬಿಕೆ ಬರುವುದು ಕಷ್ಟ. ಅದರ ಮೇಲೆ ಕಾಲು ನೋವು ಬೇರೆ. ನನಗೆ ಗೊತ್ತಿರುವ ಎರಡು ವಿಷಯ ಹೇಳಲಾ?

ಅಪ್ಪ: ಹೇಳು.

ಭಾವ: ರಕ್ತನಾಳದಲ್ಲಿ ಕೊಬ್ಬು ಕಟ್ಟುವುದು ಹತ್ತಾರು ವರ್ಷದ ಕೆಲಸ. ಮಾತ್ರೆ ಕೊಲೆಸ್ಟ್ರಾಲ್ ಇಳಿಸುವುದು ಕೆಲವೇ ವಾರದಲ್ಲಿ, ಆದರೆ ಮೊದಲೇ ಕಟ್ಟಿರುವುದನ್ನು ಒಂದೇ ವರ್ಷದಲ್ಲಿ ಕರಗಿಸಲಾರದು. ದೊಡ್ಡ ಮಾವನಿಗೆ ಮಾತ್ರೆ ಶುರುವಾದದ್ದೇ ಬಹಳ ತಡವಾಗಿ.

ಕಾಲು ನೋವಿನಂಥ ತೊಂದರೆಗಳ ಮೇಲೆ ಲಂಡನ್ನಿನಲ್ಲಿ ಸ್ಯಾಮ್ಸನ್ ಅಂತ ಒಂದು ಪ್ರಯೋಗ ಮಾಡಿದರು, 2020ರಲ್ಲಿ ಫಲಿತಾಂಶ ಬಂತು. ತೊಂದರೆ ಆಯಿತು ಅಂತ ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಬಿಟ್ಟಿದ್ದ 60 ಜನ. ನಾಲ್ಕು ತಿಂಗಳು ನಿಜವಾದ ಮಾತ್ರೆ, ನಾಲ್ಕು ತಿಂಗಳು ಔಷಧಿಯೇ ಇಲ್ಲದ ಅದೇ ತರದ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ. ಯಾವುದು ಯಾವ ಮಾತ್ರೆ ಅಂತ ಅವರಿಗೆ ಗೊತ್ತಿರಲಿಲ್ಲ. ದಿನಾ ತಮಗಾಗುವ ತೊಂದರೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಮಾತ್ರೆ ಇಲ್ಲದ ತಿಂಗಳಲ್ಲಿ ಸರಾಸರಿ 8. ನಿಜವಾದ ಮಾತ್ರೆಗೆ 16.3. ಖಾಲಿ ಮಾತ್ರೆಗೂ 15.4. ತೊಂದರೆ ನಿಜವೇ ಮಾವ, ಯಾರೂ ನಾಟಕ ಮಾಡಲಿಲ್ಲ. ಆದರೆ ಅದರ ಬಹುಪಾಲು ಮಾತ್ರೆ ನುಂಗುತ್ತೇನೆ ಅನ್ನುವ ಆತಂಕದಿಂದ ಬಂದದ್ದು. ಇದನ್ನು ತಿಳಿದ ಮೇಲೆ ಅವರಲ್ಲಿ ಅರ್ಧ ಜನ ಮತ್ತೆ ಮಾತ್ರೆ ಶುರು ಮಾಡಿದರು. ಕೆಲವರಿಗೆ ಸ್ನಾಯುವಿಗೇ ತೊಂದರೆಯಾಗುವುದೂ ಉಂಟು. ಅದಕ್ಕೆ ರಕ್ತಪರೀಕ್ಷೆ ಇದೆ. ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು. ನಿಮ್ಮದು ಯಾವುದು ಅಂತ ನೋಡಬೇಕಾದರೆ ಡಾಕ್ಟರಿಗೆ ನೋವಿನ ವಿಷಯ ಗೊತ್ತಿರಬೇಕು.

ಚಿಕ್ಕಪ್ಪ: ನೋಡು, ಕೊನೆಗೆ ನೀನೂ ಹೇಳಿದೆಯಲ್ಲ. ಬರೀ ಪ್ರಶ್ನೆ ಕೇಳಿ ಬಿಟ್ಟಿದ್ದರೆ ಅಣ್ಣನಿಗೆ ಏನು ತಿಳಿಯುತ್ತಿತ್ತು? ನಾನು ಹೇಳಿದ್ದೂ ಅದನ್ನೇ.

ನಾನು: ಇದನ್ನೇ ಮೊದಲು ಹೇಳಿದ್ದರೆ ಅಪ್ಪ ಹೂಂ ಅಂದು ಫೋನ್ ಇಡುತ್ತಿದ್ದರು ಚಿಕ್ಕಪ್ಪ. ದೊಡ್ಡಪ್ಪನ ವಿಷಯ ಆಚೆ ಬರುತ್ತಲೇ ಇರಲಿಲ್ಲ.

ಭಾವ: ಇನ್ನೊಂದು, ಇದು ಎಲ್ಲರಿಗೂ. ಎಲ್‌ಡಿಎಲ್ 190 ದಾಟಿದೆ, ಅಣ್ಣ 49ಕ್ಕೇ ಹೃದಯಾಘಾತದಿಂದ ಹೋದರು ಅಂದಾಗ ಇದು ವಂಶದಲ್ಲಿ ಬರುವ ಕೊಲೆಸ್ಟ್ರಾಲ್ ಇರಬಹುದಾ ಅಂತ ನೋಡಲೇಬೇಕು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ತುಪ್ಪ ಬಿಟ್ಟರೂ ದಿನಾ ನಡೆದರೂ ಅದು ಸಾಕಷ್ಟು ಇಳಿಯುವುದಿಲ್ಲ, ಮಾತ್ರೆ ಬೇಕೇ ಬೇಕು. ಇದೆ ಅಂತ ನಾನು ಇಲ್ಲಿಂದ ಹೇಳಲಾರೆ. ಅಮ್ಮ, ಸಣ್ಣ ಮಾವ, ಪುಟ್ಟಿ, ಎಲ್ಲರೂ ಒಂದು ಸಲ ಪರೀಕ್ಷೆ ಮಾಡಿಸಿ. ನಾನೂ ಮಾಡಿಸುತ್ತೇನೆ.

ಅಮ್ಮ: ಆ ಕಾಲು ನೋವಿಗೆ ನಾನು ದಿನಾ ಎಣ್ಣೆ ತಿಕ್ಕಿದ್ದೇನೆ. ಮಾತ್ರೆಯಿಂದ ಇರಬಹುದು ಅಂತ ಒಂದು ಮಾತು ನನಗೆ ಹೇಳಬಾರದಿತ್ತಾ ಇವರು

ಅಪ್ಪ: ನಾಡಿದ್ದು ಮಂಗಳವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ಐದೂ ಸ್ಟ್ರಿಪ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡುತ್ತೇನೆ. ಅಣ್ಣನ ವಿಷಯವನ್ನೂ ಹೇಳುತ್ತೇನೆ. ಪುಟ್ಟಿ ಬರುವುದು ಬೇಡ.

ಚಿಕ್ಕಪ್ಪ: ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ?

ಭಾವ: ಮೊದಲ ಸಲಕ್ಕೆ ತಿಂಡಿ ತಿಂದು ಹೋದರೂ ಆಗುತ್ತದೆ ಸಣ್ಣ ಮಾವ. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಇನ್ನೊಂದು ಕೊಬ್ಬು ತುಂಬಾ ಜಾಸ್ತಿ ಬಂದರೆ ಇನ್ನೊಂದು ಸಲ ಖಾಲಿ ಹೊಟ್ಟೆಯಲ್ಲಿ ಕೊಡಿ ಅನ್ನಬಹುದು.

ಚಿಕ್ಕಪ್ಪ: ಸರಿ. ನಾಳೆ ಬೆಳಿಗ್ಗೆ ಹೋಗುತ್ತೇನೆ. ಅಕ್ಕ, ನೀನೂ ಬಾ.