ಮುತ್ತಜ್ಜ ಬಸ್ರಾಕ್ಕೆ ಹೋಗಿದ್ದರಂತೆ, ದಾಖಲೆ ಎಲ್ಲಿ ಹುಡುಕಲಿ?

ಕೇಳಿದವರು: ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಬಸ್ರಾ ಅನ್ನುತ್ತಿದ್ದರಂತೆ. ಊರು ಗೋಕಾಕ ಕಡೆ. ಒಂದು ಬೆಳ್ಳಿ ಪದಕ ಬಿಟ್ಟರೆ ಮನೆಯಲ್ಲಿ ಒಂದು ಚೂರು ಕಾಗದವೂ ಇಲ್ಲ. ಹುಡುಕಿದ ಅನುಭವ ಇದ್ದವರು ದಾರಿ ಹೇಳಿ.

ಒಬ್ಬರು: ಪದಕ ಇದೆಯಲ್ಲ, ಮತ್ತೇನು ಬೇಕು! ಅದರ ಅಂಚು ನೋಡಿ. ಆ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟನ್ನು ಒತ್ತಿರುತ್ತಾರೆ. ದಯವಿಟ್ಟು ಪುಡಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬರೀ ಹೆಸರು ಹಿಡಿದು ಹುಡುಕುವುದು ಸುಮ್ನೆ ದಂಡ. ನಮ್ಮ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಒಬ್ಬನೇ ಬಸಪ್ಪ ನಾಲ್ಕು ಥರ ಸಿಗುತ್ತಾನೆ.

ಇನ್ನೊಬ್ಬರು: ಆಗ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಅನ್ನೋದನ್ನೂ ನೋಡಬೇಕು. ನಮ್ಮದು ಹಳೇ ಮೈಸೂರು. ಅಜ್ಜಿಯ ತಂದೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಈಗಿನ ಇಸ್ರೇಲ್) ಕಾದಿದ ಕುದುರೆ ಪಡೆ. ಅದು ಮಹಾರಾಜರ ಸೈನ್ಯ, ಹಾಗಾಗಿ ನಾನು ಶುರು ಮಾಡಿದ್ದು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ. ನಿಮ್ಮದು ಬೊಂಬಾಯಿ ಪ್ರಾಂತ. ಬೆಂಗಳೂರಿಗೆ ಹೋಗಿ ಕೂತರೆ ಪ್ರಯೋಜನ ಕಡಿಮೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೆ ಬರೆಯಿರಿ. ಆದರೆ ನಂಬರು ಸಿಕ್ಕಮೇಲೆ.

ಮತ್ತೊಬ್ಬರು: ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಪುಕ್ಕಟೆ ನೋಡಬಹುದು. ಆದರೆ ಅದರಲ್ಲಿರುವುದು ಸತ್ತವರು ಮಾತ್ರ. ತಿರುಗಿ ಬಂದವರನ್ನು ಅಲ್ಲಿ ಹುಡುಕಬೇಡಿ.

ಕೇಳಿದವರು: ಟಾರ್ಚ್ ಕೆಲಸ ಮಾಡಿತು! ಹೆಸರು ಅರ್ಧ ಸವೆದಿದೆ. ಕೊನೆಯಲ್ಲಿ "110 ಮಹರಟ್ಟಾ" ಅಂತ ಸ್ಪಷ್ಟವಾಗಿ ಕಾಣುತ್ತಿದೆ. ನಂಬರಿನಲ್ಲಿ ಮೊದಲ ಅಂಕಿ ಅನುಮಾನ.

ಮೊದಲು ಉತ್ತರಿಸಿದವರು: ಹಾಗಾದರೆ ಬಸ್ರಾ ಮಾತು ನಿಜ ಇರಬೇಕು. ಆ ಪಲ್ಟನ್ನು, ಅಂದರೆ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ, ಮೆಸೊಪಟೇಮಿಯಾದಲ್ಲಿತ್ತು, ಅಂದರೆ ಬಸ್ರಾ ಇರುವ ಈಗಿನ ಇರಾಕಿನಲ್ಲಿ. ಅಲ್ಲಿನ ಕುತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು, 1916ರ ಏಪ್ರಿಲ್ 29ರಂದು ಅಲ್ಲಿದ್ದ ಇಡೀ ಸೇನೆ ತುರ್ಕರಿಗೆ ಶರಣಾಯಿತು. ನಿಮ್ಮ ಮುತ್ತಜ್ಜ ಆಗ ಒಳಗಿದ್ದರೋ, ಆಮೇಲೆ ಸೇರಿದರೋ ನೋಡಬೇಕು. ಮನೆಯ ಹಿರಿಯರನ್ನು "ತುರ್ಕರ ಸೆರೆ" ಬಗ್ಗೆ ಏನಾದರೂ ಕೇಳಿದ್ದೀರಾ ಅಂತ ವಿಚಾರಿಸಿ. ಯುದ್ಧದ ಕಥೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಇನ್ನೊಂದು. 1922ರಲ್ಲಿ ಪಲ್ಟನ್ನುಗಳ ನಂಬರೆಲ್ಲ ಬದಲಾಯಿತು. 110 ಹೋಗಿ 5ನೇ ಮಹರಟ್ಟಾದ 3ನೇ ಬೆಟಾಲಿಯನ್ ಆಯಿತು. ಪಿಂಚಣಿ ಕಾಗದ ಸಿಕ್ಕಿ ಅದರಲ್ಲಿ "3/5" ಅಂತಿದ್ದರೆ ಬೇರೆಯವರದು ಅಂದುಕೊಂಡು ಎಸೆಯಬೇಡಿ.

ಇನ್ನೊಬ್ಬರು: ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪಲ್ಟನ್ನುಗಳ ಯುದ್ಧ ದಿನಚರಿ ಇವೆ, ಡಬ್ಲ್ಯುಒ (ವಾರ್ ಆಫೀಸ್) 95 ಅನ್ನೋ ಸಾಲಿನಲ್ಲಿ. ಸಿಪಾಯಿಗಳ ಹೆಸರು ಅಪರೂಪ, ಸಾಹೇಬರ ಹೆಸರೇ ಜಾಸ್ತಿ. ಆದರೂ ಪಲ್ಟನ್ನು ಯಾವ ದಿನ ಎಲ್ಲಿತ್ತು ಅನ್ನೋದು ತಿಳಿಯುತ್ತದೆ. ಪದಕದ ಕಾರ್ಡುಗಳು ಡಬ್ಲ್ಯುಒ 372ರಲ್ಲಿವೆ. ಆ ಅನುಮಾನದ ಅಂಕಿಯನ್ನು ಬದಲಿಸುತ್ತಾ ಅಲ್ಲಿ ಹುಡುಕಿ. ಬೆಳಗಾವಿಗೆ ಪತ್ರ ಅದಾದ ಮೇಲೆ.