ಡೋಸ್ ಏರಿಸಿದಷ್ಟೂ ಕ್ಯಾನ್ಸರ್ ಕೋಶ ಜಾಸ್ತಿ ಆಗ್ತಿದೆ! ಸಾರ್ಗಾಸಮ್ ಎಕ್ಸ್‌ಟ್ರಾಕ್ಟ್, ಎಂಟಿಟಿ ಸಮಸ್ಯೆ

ಕುಮಟಾ_ಹುಡುಗಿ: ಸಾಕಾಗಿ ಹೋಗಿದೆ. ಕಂದು ಕಡಲಕಳೆಯ ಎಕ್ಸ್‌ಟ್ರಾಕ್ಟನ್ನು ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಸಾಯುವುದು ಬಿಟ್ಟು ವಯಬಿಲಿಟಿ (ಬದುಕಿರುವ ಕೋಶಗಳ ಪ್ರಮಾಣ) 130% ತೋರಿಸುತ್ತಿದೆ. ಎಂಟಿಟಿ ಅಂದರೆ ಹಳದಿ ಬಣ್ಣ, ಬದುಕಿರುವ ಕೋಶ ಅದನ್ನು ನೇರಳೆ ಮಾಡಬೇಕು. ಡೋಸ್ ಏರಿದ ಹಾಗೆ ವೆಲ್‌ನ (ಪ್ಲೇಟಿನ ಗುಳಿಯ) ನೇರಳೆ ಬಣ್ಣವೂ ಗಾಢ. ಪೇಪರ್‌ಗಳಲ್ಲಿ ನೋಡಿದರೆ ಎಲ್ಲರಿಗೂ ಕೋಶ ಸತ್ತಿದೆ. ಪ್ರೋಟೋಕಾಲ್ ಎಲ್ಲರೂ ಮಾಡುವಂಥದ್ದೇ. ಎಲ್ಲಿ ಕೈಕೊಡುತ್ತಿದೆ?

ಪಾಚಿಪ್ರಿಯ: ಬಿಸಿಲಲ್ಲಿ ಒಣಗಿಸಿದ್ರಾ? ಹಾಗಾದರೆ ಅದರ ವರ್ಣದ್ರವ್ಯ ಫ್ಯೂಕೋಕ್ಸಾಂಥಿನ್ ಹೋಯ್ತು ಅಂತಲೇ. ಅದು ಬೆಳಕೂ ತಡೆಯಲ್ಲ, ಬಿಸಿಯೂ ತಡೆಯಲ್ಲ. ಬಾಟಲಿಗೆ ಫಾಯಿಲ್ ಸುತ್ತಿಡಿ.

ಕುಮಟಾ_ಹುಡುಗಿ: ನೆರಳಲ್ಲೇ ಒಣಗಿಸಿದ್ದು ಸರ್. ಫಾಯಿಲ್ ಕೂಡ ಇದೆ.

ಪಾಚಿಪ್ರಿಯ: ಹಾಗಿದ್ರೆ ಸಾಲ್ವೆಂಟ್ ಆವಿ ಮಾಡೋ ರೋಟಾದ ಬಿಸಿ ಜಾಸ್ತಿ ಇಟ್ಟಿರ್ತೀರಿ. 40 ಡಿಗ್ರಿ ದಾಟಿಸಬೇಡಿ.

ಅಲೆಮನೆ: ಮೊದಲು ಅದು ಸಾರ್ಗಾಸಮ್ ಹೌದಾ ನೋಡಿ. ಕಾಂಡದಲ್ಲಿ ಗಾಳಿ ತುಂಬಿದ ಸಣ್ಣ ಗುಂಡುಗಳಿರಬೇಕು. ಬೀಸಣಿಗೆ ಥರ ಇದ್ದು ಮೇಲೆ ಸುಣ್ಣದ ಬಿಳಿ ಪಟ್ಟಿ ಕಂಡರೆ ಅದು ಪಡಿನಾ.

ಕುಮಟಾ_ಹುಡುಗಿ: ಗುಂಡುಗಳಿವೆ ಸರ್, ಸಾರ್ಗಾಸಮ್ಮೇ.

ಲಯೋ_ಲಿಂಗು: ನಮ್ಮಲ್ಲಿ ಹೊಸ ಲಯೋಫಿಲೈಸರ್ ಬಂದ ಮೇಲೆ ಈ ಒಣಗಿಸುವ ತಲೆನೋವೇ ಇಲ್ಲ. ಪುಡಿ ಹಿಟ್ಟಿನ ಹಾಗೆ ಬರುತ್ತೆ. ಫೋಟೋ ಹಾಕ್ಲಾ?

ಬೆಂಚ್_ಅಕ್ಕ: ಲಿಂಗು, ಅದಕ್ಕೆ ಬೇರೆ ಥ್ರೆಡ್ ಮಾಡಪ್ಪ. ಪಾಚಿಪ್ರಿಯ ಅವರೇ, ಫ್ಯೂಕೋಕ್ಸಾಂಥಿನ್ ಹಾಳಾದರೆ ಕೋಶ ಸಾಯದೇ ಇರಬಹುದು. ಲೆಕ್ಕ 100 ದಾಟೋದು ಹೇಗೆ? ತಂಗಿ, ಯಾವ ಸಾಲ್ವೆಂಟ್? ಎಂಟಿಟಿ ಹಾಕುವ ಮುಂಚೆ ಮೀಡಿಯಾ (ಕೋಶ ಬೆಳೆಯುವ ದ್ರವ) ತೆಗೀತೀಯಾ?

ಕುಮಟಾ_ಹುಡುಗಿ: 70% ಮೆಥನಾಲ್ ಅಕ್ಕ. ಮೀಡಿಯಾ ತೆಗೆಯಲ್ಲ, ಅದರ ಮೇಲೇ ಎಂಟಿಟಿ.

ಪಾಚಿಪ್ರಿಯ: ಮೆಥನಾಲಾ! ಕಡಲಕಳೆಯ ಪಾಲಿಸ್ಯಾಕರೈಡ್ ಫ್ಯೂಕಾಯ್ಡನ್ ಅದರಲ್ಲಿ ಬರಲ್ಲ. ಬಿಸಿನೀರಲ್ಲಿ ತೆಗೆದು, ಜೊತೆಗೆ ಬರುವ ಅಂಟು ಆಲ್ಜಿನೇಟನ್ನು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಇಳಿಸಬೇಕು.

ಬೆಂಚ್_ಅಕ್ಕ: ಫ್ಯೂಕಾಯ್ಡನ್ ಬೇಕು ಅಂತ ಅವಳು ಹೇಳೇ ಇಲ್ಲವಲ್ಲ. ಮೆಥನಾಲ್-ನೀರಿಗೆ ಚೆನ್ನಾಗಿ ಬರೋದು ಫ್ಲೋರೊಟ್ಯಾನಿನ್, ಕಂದು ಕಡಲಕಳೆಯದ್ದೇ ಪಾಲಿಫೀನಾಲ್. ಅದಕ್ಕೆ ಎಲೆಕ್ಟ್ರಾನ್ ಕೊಡೋ ಗುಣ ಜೋರು. ಕೋಶದ ನೆರವಿಲ್ಲದೆ ಹಳದಿ ಎಂಟಿಟಿಯನ್ನು ತಾನೇ ನೇರಳೆ ಫಾರ್ಮಜಾನ್ ಮಾಡಿಬಿಡುತ್ತೆ. ಪ್ಲೇಟ್ ರೀಡರ್ 570 ನ್ಯಾನೊಮೀಟರಿನಲ್ಲಿ ಬಣ್ಣ ಮಾತ್ರ ನೋಡೋದು, ಅದನ್ನು ಮಾಡಿದ್ದು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಕೋಶ ಇಲ್ಲದ ವೆಲ್‌ಗೆ ಮೀಡಿಯಾ, ಎಕ್ಸ್‌ಟ್ರಾಕ್ಟ್, ಎಂಟಿಟಿ ಹಾಕಿ ನೋಡು. ಇನ್ನೊಂದು ಪ್ಲೇಟಲ್ಲಿ ಎಕ್ಸ್‌ಟ್ರಾಕ್ಟ್ ತೆಗೆದು, ಪಿಬಿಎಸ್ ಉಪ್ಪುದ್ರಾವಣದಲ್ಲಿ ಮೆಲ್ಲಗೆ ಎರಡು ಸಲ ತೊಳೆದು, ಹೊಸ ಮೀಡಿಯಾದಲ್ಲಿ ಎಂಟಿಟಿ ಹಾಕು. ಎಕ್ಸ್‌ಟ್ರಾಕ್ಟ್ ಕರಗಿಸುವ ಡಿಎಂಎಸ್‌ಒ ಎಲ್ಲ ವೆಲ್‌ನಲ್ಲೂ ಒಂದೇ ಪ್ರಮಾಣ ಇರಲಿ, 0.5% ಒಳಗೆ.

ಕುಮಟಾ_ಹುಡುಗಿ: ಅಕ್ಕಾ, ಖಾಲಿ ವೆಲ್‌ಗಳೂ ನೇರಳೆ! ತೊಳೆದ ಪ್ಲೇಟಲ್ಲಿ ಡೋಸ್ ಏರಿದ ಹಾಗೆ ವಯಬಿಲಿಟಿ ಇಳೀತಿದೆ. ಹಾಗಾದರೆ ನಿಜವಾಗ್ಲೂ ಕೊಲ್ತಿದೆ ಅಲ್ವಾ?

ಬೆಂಚ್_ಅಕ್ಕ: ಒಂದೇ ಪ್ಲೇಟ್ ನಂಬಿ ಗೈಡ್ ಹತ್ರ ಓಡಬೇಡ. ಎಸ್‌ಆರ್‌ಬಿ ಮಾಡು, ಅದು ಕೋಶದ ಪ್ರೋಟೀನಿಗೆ ಅಂಟುವ ಬಣ್ಣ, ಈ ಗೊಂದಲ ಇರಲ್ಲ. ಆ ಡೈ ಇಲ್ಲದಿದ್ದರೆ ಸತ್ತ ಕೋಶಕ್ಕೆ ಹತ್ತುವ ಟ್ರಿಪಾನ್ ಬ್ಲೂ ಹಾಕಿ ಎಣಿಸು. ಕಡಲಕಳೆಯ ಉಪ್ಪು ಉಳಿದಿದ್ದರೂ ಕೋಶ ಸಾಯುತ್ತೆ, ಅದನ್ನೂ ನೋಡಿಕೋ. ಆಮೇಲೆ ಕ್ಯಾನ್ಸರ್ ಅಲ್ಲದ ಕೋಶದ ಮೇಲೂ ಅದೇ ಡೋಸ್ ಹಾಕಬೇಕು. ಎರಡನ್ನೂ ಕೊಂದರೆ ಅದು ಬರೀ ವಿಷ.

ಕುಮಟಾ_ಹುಡುಗಿ: ನಮ್ಮಲ್ಲಿ ಎಂಸಿಎಫ್-7 ಒಂದೇ ಇರೋದು. ಹೆಕ್-293 (ಮನುಷ್ಯರ ಕಿಡ್ನಿ ಕೋಶ) ನಡೆಯುತ್ತಾ? ಪುಣೆಯ ಕೋಶ ಭಂಡಾರ ಎನ್‌ಸಿಸಿಎಸ್‌ನಿಂದ ಈಚೆಗೆ ಯಾರಾದರೂ ತರಿಸಿದ್ದೀರಾ?

ಲಯೋ_ಲಿಂಗು: ಹೊಸ ಥ್ರೆಡ್ ಮಾಡಿದ್ದೀನಿ, ಫೋಟೋ ಅಲ್ಲಿದೆ.