ಅಪ್‌ಡೇಟ್: ಸ್ಟೇಕ್ ಬೈಟ್ಸ್ ನೀರು ಬಿಡುವುದು ನಿಂತಿತು

ಹೋದ ವಾರ ಕೇಳಿದ್ದೆ: ಸ್ಟೇಕ್ ಬೈಟ್ಸ್‌ಗೆಂದು ಬೀಫ್ ಸರ್ಲಾಯಿನ್ (ದನದ ಸೊಂಟದ ಭಾಗದ ಮಾಂಸ) ತುಂಡುಗಳನ್ನು ಸೋಯಾ ಸಾಸ್, ಜೇನುತುಪ್ಪದಲ್ಲಿ ನೆನೆಸಿ ಹುರಿದರೆ ನೀರು ಬಿಟ್ಟುಕೊಂಡು ರಬ್ಬರಿನ ಹಾಗಾಗುತ್ತವೆ, ಸಾಸ್ ತಳ ಹಿಡಿದು ಕಹಿಯಾಗುತ್ತದೆ, ಏನು ಮಾಡಲಿ ಅಂತ. ನಿನ್ನೆ ರಾತ್ರಿ ಕೊನೆಗೂ ಸರಿಯಾಗಿ ಬಂತು!

ಗೆದ್ದಿದ್ದು ‘ನೆನೆಸಲೇ ಬೇಡಿ, ಒಣಗಿಸಿ’ ಎಂದವರ ಸಲಹೆ. ಅವರಿಗೆ ದೊಡ್ಡ ಥ್ಯಾಂಕ್ಸ್. ಒಂದು ಇಂಚಿನ ತುಂಡುಗಳನ್ನು ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿದೆ. ಬೀಡಿನ ಬಾಣಲೆ ಚೆನ್ನಾಗಿ ಕಾದ ಮೇಲೆ ಅರ್ಧ ಕೆಜಿಯನ್ನು ಎರಡು ಸಲಕ್ಕೆ ಹಾಕಿದೆ. ಎರಡು ನಿಮಿಷ ಸುಮ್ನೆ ಬಿಡಬೇಕು, ಪಲ್ಯದ ಹಾಗೆ ಕೈಯಾಡಿಸುತ್ತಾ ಇರಬಾರದು. ತಿರುವಿ ಇನ್ನೊಂದು ನಿಮಿಷ ಬಿಟ್ಟು ತೆಗೆದಿಟ್ಟೆ. ಆಮೇಲೆ ಉರಿ ತಗ್ಗಿಸಿ ಬೆಣ್ಣೆ, ಬೆಳ್ಳುಳ್ಳಿ, ಎರಡು ಚಮಚ ಸೋಯಾ ಸಾಸ್, ಒಂದು ಚಮಚ ಜೇನುತುಪ್ಪ. ನೊರೆಯೆದ್ದು ಗಟ್ಟಿಯಾದ ತಕ್ಷಣ ಮಾಂಸ ಹಾಕಿ ಹೊರಳಿಸಿದೆ, ಅಷ್ಟೇ. ಜೇನಿನ ಸಕ್ಕರೆ ಬೇಗ ಸೀಯುತ್ತದೆ, ಅದಕ್ಕೇ ಕೊನೆಗೆ ಹಾಕಬೇಕು.

ಉಳಿದ ಪ್ರಯತ್ನಗಳಲ್ಲಿ ಅಡುಗೆ ಸೋಡಾ ಹಚ್ಚಿದ್ದು ಸರಿಬರಲಿಲ್ಲ, ಮಾಂಸ ಮೆತ್ತಗೆ ಸ್ಪಂಜಿನ ಹಾಗಾಯಿತು. ಬರೀ ಉರಿ ಜಾಸ್ತಿ ಮಾಡಿದ್ದಕ್ಕೆ ಮನೆ ತುಂಬಾ ಹೊಗೆ.

ನನಗೆ ಹೊಸದಾಗಿ ಗೊತ್ತಾಗಿದ್ದು ಉಪ್ಪಿನ ವಿಷಯ. ಹತ್ತು ನಿಮಿಷ ಮುಂಚೆ ಹಾಕಿದರೆ ಅದು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಾಣಲೆಗೆ ಹಾಕುವಾಗಲೇ ಉದುರಿಸಿ, ಇಲ್ಲವೇ 40 ನಿಮಿಷ ಮೊದಲೇ ಹಚ್ಚಿಡಿ, ಅಷ್ಟರಲ್ಲಿ ಆ ನೀರು ಮತ್ತೆ ಮಾಂಸದೊಳಕ್ಕೆ ಹೋಗುತ್ತದೆ. ಬೆಂದಿದೆಯೋ ಇಲ್ಲವೋ ಎಂದು ಅನುಮಾನ ಇದ್ದರೆ ಥರ್ಮಾಮೀಟರ್ ಚುಚ್ಚಿ ನೋಡಿ. ಇಲ್ಲಿ ಅಮೆರಿಕದ ಸರ್ಕಾರಿ ಸೂಚನೆ 63 ಡಿಗ್ರಿ ಸೆಲ್ಸಿಯಸ್, ನಂತರ ಮೂರು ನಿಮಿಷ ಬಿಡಬೇಕು. ಬಿಸಿ ಅನ್ನದ ಜೊತೆ ಮಕ್ಕಳು ಎರಡನೇ ಸಲ ಹಾಕಿಸಿಕೊಂಡರು.